ಎಲ್ಲರೂ ಸೇರಿ ಬರೆದ ಕ್ಯಾಟಲಾಗಿಗೆ ಯಜಮಾನ ಯಾರು?

2015ರ ಅಕ್ಟೋಬರ್ 1ರಂದು ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಾಲಯಗಳ ಕ್ಯಾಟಲಾಗ್ ಕಾರ್ಡುಗಳ ಕೊನೆಯ ಕಟ್ಟು ಮುದ್ರಣವಾಯಿತು. ಅಂಗೈಯಗಲದ ದಪ್ಪ ಕಾಗದ, ಮೇಲೆ ಲೇಖಕರ ಹೆಸರು, ಕೆಳಗೆ ಡ್ರಾಯರಿನ ಸರಳು ತೂರಲು ಒಂದು ತೂತು. ಹಳೆಯ ಗ್ರಂಥಾಲಯಗಳಲ್ಲಿ ಓಡಾಡಿದವರಿಗೆಲ್ಲ ಅವು ಗೊತ್ತು. ಆ ಕಟ್ಟು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನ ಕಾಂಕಾರ್ಡಿಯಾ ಕಾಲೇಜಿಗೆ ಹೋಯಿತು. ಅಷ್ಟು ಹೊತ್ತಿಗೆ ಅಲ್ಲಿಂದ ಹೊರಬಿದ್ದಿದ್ದ ಕಾರ್ಡುಗಳು ಸುಮಾರು 190 ಕೋಟಿ.

ಮುದ್ರಿಸಿದ್ದು ಸರ್ಕಾರವಲ್ಲ, ಪ್ರಕಾಶಕರೂ ಅಲ್ಲ. ಗ್ರಂಥಾಲಯಗಳೇ ಕೂಡಿ ಕಟ್ಟಿದ ಓಸಿಎಲ್‌ಸಿ ಎಂಬ ಸಂಸ್ಥೆ. ಕಾರ್ಡು ನಿಂತರೂ ಸಂಸ್ಥೆ ನಿಂತಿಲ್ಲ. ಯಾವ ಪುಸ್ತಕ ಜಗತ್ತಿನ ಯಾವ ಗ್ರಂಥಾಲಯದಲ್ಲಿದೆ ಎಂದು ಹೇಳುವ ವರ್ಲ್ಡ್‌ಕ್ಯಾಟ್ ಇದರದ್ದು. ಅದರಲ್ಲಿರುವ ದಾಖಲೆಗಳು 50 ಕೋಟಿ ದಾಟಿವೆ. ಸದಸ್ಯ ಗ್ರಂಥಾಲಯಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿವೆ. ನಮ್ಮ ಅನೇಕ ಕಾಲೇಜುಗಳಲ್ಲಿ ಕನ್ನಡ ಸಾಹಿತ್ಯದ ಪುಸ್ತಕಗಳ ಬೆನ್ನ ಮೇಲೆ ಬರೆದಿರುವ 894.814 ಎಂಬ ಸಂಖ್ಯೆ ಬಂದದ್ದು ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಿಂದ; ಅದರ ಹಕ್ಕುದಾರರೂ 1988ರಿಂದ ಇವರೇ.

ಓಸಿಎಲ್‌ಸಿ ತನ್ನನ್ನು ಸಹಕಾರಿ ಎಂದು ಕರೆದುಕೊಳ್ಳುತ್ತದೆ. ಸಹಕಾರಿ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಷೇರು, ಚುನಾವಣೆ, ಗದ್ದಲದ ವಾರ್ಷಿಕ ಮಹಾಸಭೆ. ಇಲ್ಲಿ ಚುನಾವಣೆ ಉಂಟು, ಷೇರು ಇಲ್ಲ. ಕೆಲಸ ಹಂಚಿಕೊಂಡಿದ್ದಾರೆ, ಖರ್ಚು ಹಂಚಿಕೊಂಡಿದ್ದಾರೆ, ಹೇಳುವ ಕೇಳುವ ಅಧಿಕಾರವನ್ನೂ ಅಷ್ಟಿಷ್ಟು ಹಂಚಿಕೊಂಡಿದ್ದಾರೆ. ಒಡೆತನವನ್ನು ಮಾತ್ರ ಹಂಚಿಕೊಂಡಿಲ್ಲ. ಐವತ್ತು ವರ್ಷಗಳಿಂದ ಈ ಸಂಸ್ಥೆಯ ಸುತ್ತ ನಡೆದ ದೊಡ್ಡ ಜಗಳಗಳ ಬೇರು ಹುಡುಕಿದರೆ ಹೆಚ್ಚಿನವು ಇಲ್ಲಿಗೇ ಬಂದು ಮುಟ್ಟುತ್ತವೆ.

ಒಂದು ಪುಸ್ತಕಕ್ಕೆ ಎಷ್ಟು ಸಲ ಕ್ಯಾಟಲಾಗು?

ಮೊದಲು ಕೆಲಸದ ಮಾತು. ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದರೆ ಅದನ್ನು ಹಾಗೇ ಕಪಾಟಿಗೆ ಸೇರಿಸಲು ಬರುವುದಿಲ್ಲ. ಲೇಖಕರ ಹೆಸರನ್ನು ನಿಗದಿತ ರೂಪದಲ್ಲಿ ಬರೆಯಬೇಕು, ಪ್ರಕಾಶಕರು, ವರ್ಷ, ಪುಟಗಳು, ವಿಷಯ, ವರ್ಗೀಕರಣ ಸಂಖ್ಯೆ ಎಲ್ಲ ಕೊಡಬೇಕು. ಲೇಖಕರದೇ ಹೆಸರಿನ ಇನ್ನೊಬ್ಬರಿದ್ದಾರೆಯೇ, ಇದು ಎರಡನೆಯ ಆವೃತ್ತಿಯೋ ಬರೀ ಮರುಮುದ್ರಣವೋ ನೋಡಬೇಕು. ತರಬೇತಾದ ಗ್ರಂಥಪಾಲಕರಿಗೂ ಒಂದು ಕಷ್ಟದ ಪುಸ್ತಕ ಗಂಟೆಗಟ್ಟಲೆ ಹಿಡಿಯುತ್ತದೆ. ಅದೇ ಪುಸ್ತಕ ಐನೂರು ಗ್ರಂಥಾಲಯಗಳಿಗೆ ಹೋದರೆ ಇದೇ ಕೆಲಸ ಐನೂರು ಕಡೆ ನಡೆಯಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಿಂದಲೇ ತನ್ನ ಕಾರ್ಡುಗಳನ್ನು ಮುದ್ರಿಸಿ ಬೇರೆಯವರಿಗೆ ಮಾರುತ್ತಿತ್ತು. ಆದರೆ ಅದು ಕ್ಯಾಟಲಾಗು ಮಾಡದ ಪುಸ್ತಕಕ್ಕೆ ಏನು ಮಾಡುವುದು? ಮಾಡಿದ್ದರೂ ಕಾರ್ಡು ಅಂಚೆಯಲ್ಲಿ ಬರುವವರೆಗೆ ಕಾಯಬೇಕಲ್ಲ?

1967ರ ಜುಲೈ 6ರಂದು ಒಹಾಯೊದ 54 ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ಸೇರಿ ಒಹಾಯೊ ಕಾಲೇಜ್ ಲೈಬ್ರರಿ ಸೆಂಟರ್, ಅಂದರೆ ಓಸಿಎಲ್‌ಸಿ, ಎಂಬ ಲಾಭರಹಿತ ಸಂಸ್ಥೆ ಮಾಡಿಕೊಂಡವು. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಫ್ರೆಡರಿಕ್ ಕಿಲ್ಗೋರ್ ಅವರನ್ನು ನಡೆಸಲು ಕರೆತಂದವು. ಕಿಲ್ಗೋರ್ ಹೇಳುತ್ತಿದ್ದ ಗುರಿಯಲ್ಲಿ ಜ್ಞಾನಪ್ರಸಾರದಂಥ ದೊಡ್ಡ ಮಾತಿಗಿಂತ ಲೆಕ್ಕಪತ್ರದ ಮಾತೇ ಮುಂದೆ ಇತ್ತು: ವಿದ್ಯಾರ್ಥಿಯೊಬ್ಬರ ತಲೆಗೆ ಬೀಳುವ ಗ್ರಂಥಾಲಯದ ವೆಚ್ಚ ವರ್ಷವರ್ಷ ಏರುತ್ತಿದೆ, ಆ ಏರಿಕೆಯ ವೇಗ ತಗ್ಗಿಸಬೇಕು. ನನಗೆ ಈ ಒಣ ಗುರಿಯೇ ಇಷ್ಟ. ಸಂಸ್ಥೆ ಬದುಕಿದ್ದು ಇದರಿಂದಲೇ ಅನ್ನಿಸುತ್ತದೆ.

ಕೊಲಂಬಸ್ ನಗರದಲ್ಲಿ ಜೆರಾಕ್ಸ್ ಕಂಪನಿಯ ಸಿಗ್ಮಾ 5 ಕಂಪ್ಯೂಟರು ಇಟ್ಟು, ದೂರವಾಣಿ ತಂತಿಯ ಮೂಲಕ ಕಾಲೇಜುಗಳ ಟರ್ಮಿನಲ್ಲುಗಳನ್ನು ಅದಕ್ಕೆ ಜೋಡಿಸಿದರು. 1971ರ ಆಗಸ್ಟ್ 26ರಂದು ಅಥೆನ್ಸ್ ಎಂಬ ಊರಿನ ಒಹಾಯೊ ವಿಶ್ವವಿದ್ಯಾಲಯದ ಆಲ್ಡೆನ್ ಗ್ರಂಥಾಲಯದಲ್ಲಿ ಕೆಲಸ ಶುರುವಾಯಿತು. ಮೊದಲ ದಿನ ಆದದ್ದು 133 ಪುಸ್ತಕ. ಪುಸ್ತಕವನ್ನು ಕೈಯಲ್ಲಿ ಹಿಡಿದ ಗ್ರಂಥಪಾಲಕರು ಮೊದಲು ಹುಡುಕುತ್ತಾರೆ. ಬೇರೆ ಯಾರೋ ದಾಖಲೆ ಮಾಡಿಟ್ಟಿದ್ದರೆ ಅದಕ್ಕೆ ತಮ್ಮ ಗ್ರಂಥಾಲಯದ ಸಂಕೇತ ಸೇರಿಸಿದರೆ ಮುಗಿಯಿತು. ಇಲ್ಲದಿದ್ದರೆ ತಾವೇ ಹೊಸ ದಾಖಲೆ ಬರೆಯಬೇಕು, ಅದು ಮುಂದಿನವರಿಗೆ ಸಿಗುತ್ತದೆ. ಆಮೇಲೆ ಆಯಾ ಗ್ರಂಥಾಲಯದ ಡ್ರಾಯರಿನ ಕ್ರಮಕ್ಕೆ ಸರಿಯಾಗಿ ಜೋಡಿಸಿದ ಕಾರ್ಡುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು.

ಈ ಹಂಚಿಕೆಯ ಗುರುತು ಇವತ್ತಿಗೂ ಪ್ರತಿಯೊಂದು ದಾಖಲೆಯ ಒಳಗೇ ಉಳಿದಿದೆ. ಗ್ರಂಥಪಾಲಕರು ಬಳಸುವ ಮಾರ್ಕ್ ಎಂಬ ನಮೂನೆಯಲ್ಲಿ 040 ಎಂಬ ಸಂಖ್ಯೆಯ ಒಂದು ಸಾಲಿದೆ. ಓದುಗರ ಕಣ್ಣಿಗೆ ಅದು ಸಾಮಾನ್ಯವಾಗಿ ಬೀಳುವುದಿಲ್ಲ. ಅದರ ಮೊದಲ ಸಂಕೇತ ದಾಖಲೆಯನ್ನು ಹುಟ್ಟಿಸಿದ ಗ್ರಂಥಾಲಯದ್ದು, ಎರಡನೆಯದು ಅದನ್ನು ಕಂಪ್ಯೂಟರಿಗೆ ಏರಿಸಿದವರದ್ದು, ಅಲ್ಲಿಂದ ಮುಂದೆ ಒಂದೊಂದೂ ಯಾವಾಗಲೋ ಕೈಯಾಡಿಸಿ ತಿದ್ದಿದವರದ್ದು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಕೇತ ಡಿಎಲ್‌ಸಿ. ಬಹಳ ಬಳಕೆಯಾದ ಪುಸ್ತಕವಾದರೆ ಅದರ ಹಿಂದೆ ಹತ್ತಿಪ್ಪತ್ತು ಸಂಕೇತಗಳು ಸಾಲುಗಟ್ಟಿರುತ್ತವೆ: ಒಬ್ಬರು ವಿಷಯ ಸೇರಿಸಿದ್ದಾರೆ, ಇನ್ನೊಬ್ಬರು ವರ್ಷ ಸರಿಮಾಡಿದ್ದಾರೆ, ಮತ್ತೊಬ್ಬರು ಪರಿವಿಡಿ ಹಾಕಿದ್ದಾರೆ. ಇಷ್ಟು ಕೈ ತಾಗಿದ ದಾಖಲೆ ಕೊನೆಗೆ ಯಾರದು ಎಂಬ ಪ್ರಶ್ನೆಗೆ ಈ ಒಂದು ಸಾಲು ನೋಡಿದರೆ ಸಾಕು, ತಲೆ ಕೆಡುತ್ತದೆ.

ಕಾಯುವವರು, ತಿದ್ದುವವರು

ಹಂಚಿಕೊಂಡು ಮಾಡುವ ಕೆಲಸದಲ್ಲಿ ಇನ್ನೊಬ್ಬರು ಮಾಡಲಿ ಎಂದು ಕೂರುವವರು ಇದ್ದೇ ಇರುತ್ತಾರೆ. ಆರಂಭದ ವರ್ಷಗಳಲ್ಲಿ ಬೇರೆಯವರ ದಾಖಲೆಯನ್ನು ಮೊದಲ ಸಲ ಬಳಸಿಕೊಂಡಾಗ ಗ್ರಂಥಾಲಯ ಶುಲ್ಕ ಕೊಡಬೇಕಿತ್ತು. ಹೊಸದಾಗಿ ಬರೆದು ಸೇರಿಸಿದರೆ ಆ ಶುಲ್ಕ ಇರಲಿಲ್ಲ. ಹೊಸ ದಾಖಲೆಗೆ ಉತ್ತೇಜನವೇನೋ ಸಿಕ್ಕಿತು. ಆದರೆ ಶುಲ್ಕಕ್ಕಿಂತ ಗ್ರಂಥಪಾಲಕರ ಸಂಬಳದ ಗಂಟೆಯೇ ದುಬಾರಿ. ಹಾಗಾಗಿ ಹುಡುಕಿದಾಗ ಸಿಗದ ಪುಸ್ತಕಗಳನ್ನು ಪಕ್ಕದ ಕಪಾಟಿನಲ್ಲಿಟ್ಟು, ಲೈಬ್ರರಿ ಆಫ್ ಕಾಂಗ್ರೆಸ್ಸೋ ಇನ್ಯಾರೋ ಮಾಡಿ ಹಾಕುವವರೆಗೆ ತಿಂಗಳುಗಟ್ಟಲೆ ಕಾಯುವ ಪದ್ಧತಿ ಬೆಳೆಯಿತು. ಪರಭಾಷೆಯ ಪುಸ್ತಕಗಳು ಈ ಕಪಾಟಿನಲ್ಲಿ ಹೆಚ್ಚು ಕಾಲ ಕೂತವು ಎಂದು ಬೇರೆ ಹೇಳಬೇಕಿಲ್ಲ.

ಎರಡನೆಯ ತೊಡಕು ಗುಣಮಟ್ಟದ್ದು. ಒಂದು ಪುಸ್ತಕಕ್ಕೆ ಒಂದೇ ಮೂಲ ದಾಖಲೆ ಎಂಬುದು ನಿಯಮ. ಮೊದಲು ಬಂದವರು ಬರೆದದ್ದೇ ಮೂಲ. ಅವರು ತಪ್ಪು ಬರೆದರೆ? ಬೇರೆ ಗ್ರಂಥಾಲಯಕ್ಕೆ ತನ್ನ ಕಾರ್ಡಿನಲ್ಲಿ ಸರಿಮಾಡಿಕೊಳ್ಳಲು ಬರುತ್ತಿತ್ತು, ಮೂಲ ದಾಖಲೆಯನ್ನು ಮುಟ್ಟಲು ಬರುತ್ತಿರಲಿಲ್ಲ. ತಪ್ಪಿನ ವರದಿಯನ್ನು ಫಾರಂ ತುಂಬಿ ಕೇಂದ್ರಕ್ಕೆ ಕಳುಹಿಸಬೇಕಿತ್ತು. 1980ರ ದಶಕದಲ್ಲಿ ಆಯ್ದ ಕೆಲವು ಗ್ರಂಥಾಲಯಗಳಿಗೆ ಪರೀಕ್ಷೆ ಮಾಡಿ ತಿದ್ದುವ ಅಧಿಕಾರ ಕೊಟ್ಟರು. ಪೂರ್ಣ ಪ್ರಮಾಣದ ಅನುಮತಿ ಇರುವ ಎಲ್ಲ ಸದಸ್ಯರಿಗೂ ಬಹುಪಾಲು ದಾಖಲೆಗಳನ್ನು ತಿದ್ದಲು ಬಿಟ್ಟದ್ದು 2009ರಲ್ಲಿ. ಅಂದರೆ ಸಂಸ್ಥೆ ಹುಟ್ಟಿ ನಲವತ್ತೆರಡು ವರ್ಷದ ಮೇಲೆ. ಆ ಹೊತ್ತಿಗೆ ಯಾರು ಬೇಕಾದರೂ ತಿದ್ದುವ ವಿಕಿಪೀಡಿಯಾಕ್ಕೆ ಎಂಟು ವರ್ಷ ತುಂಬಿತ್ತು.

ಎರವಲಿನ ದಾರಿ

ಯಾವ ಪುಸ್ತಕಕ್ಕೆ ಯಾರ ಸಂಕೇತ ಇದೆ ಎಂಬುದು ಒಂದೇ ಕಡೆ ಬಂದು ಸೇರಿದ ಮೇಲೆ ಇನ್ನೊಂದು ಉಪಯೋಗ ತಾನಾಗಿ ಹೊಳೆಯಿತು. ಆ ಸಂಕೇತಗಳ ಪಟ್ಟಿಯೇ ಎರವಲು ಕೊಡಬಲ್ಲವರ ಪಟ್ಟಿಯಲ್ಲವೇ? 1979ರಲ್ಲಿ ಅಂತರ ಗ್ರಂಥಾಲಯ ಎರವಲು ಸೇವೆ ಶುರುವಾಯಿತು.

ನಡೆಯುವುದು ಹೀಗೆ. ಓದುಗರೊಬ್ಬರು ತಮ್ಮೂರಿನ ಗ್ರಂಥಾಲಯದಲ್ಲಿಲ್ಲದ ಪುಸ್ತಕ ಕೇಳುತ್ತಾರೆ. ಸಿಬ್ಬಂದಿ ದಾಖಲೆ ತೆರೆದು, ಆ ಪುಸ್ತಕವಿರುವ ಗ್ರಂಥಾಲಯಗಳಲ್ಲಿ ಕೆಲವನ್ನು ಸಾಲಾಗಿ ಆರಿಸುತ್ತಾರೆ. ಹತ್ತಿರದವು, ಬೇಗ ಕಳಿಸುವವು, ಶುಲ್ಕ ಕೇಳದವು ಮೊದಲು. ಕೋರಿಕೆ ಮೊದಲನೆಯವರಿಗೆ ಹೋಗುತ್ತದೆ. ಅವರು ಇಲ್ಲವೆಂದರೂ, ನಿಗದಿತ ದಿನಗಳೊಳಗೆ ಉತ್ತರಿಸದಿದ್ದರೂ ಅದು ತಾನಾಗಿ ಎರಡನೆಯವರಿಗೆ ದಾಟುತ್ತದೆ. ಒಪ್ಪಿದವರು ಪುಸ್ತಕವನ್ನು ಅಂಚೆಗೋ ಕೊರಿಯರ್‌ಗೋ ಹಾಕುತ್ತಾರೆ. ಕೊಡುವವರು ಶುಲ್ಕ ಹೇಳಿದ್ದರೆ ಅದು ತೆಗೆದುಕೊಂಡವರ ಓಸಿಎಲ್‌ಸಿ ಬಿಲ್ಲಿಗೆ ಸೇರಿ, ಕೊಟ್ಟವರ ಖಾತೆಗೆ ಜಮೆಯಾಗುತ್ತದೆ. ಎರಡು ಕಾಲೇಜುಗಳ ನಡುವೆ ಹದಿನೈದು ಡಾಲರಿನ ಚೆಕ್ಕು ಬರೆದು, ಸಹಿ ಹಾಕಿಸಿ, ರಸೀದಿ ಇಡುವ ಗೋಜಿಲ್ಲ. ಆ ಚೆಕ್ಕನ್ನು ತಯಾರಿಸುವ ಖರ್ಚು ಕೆಲವೊಮ್ಮೆ ಎರವಲಿಗಿಂತ ಹೆಚ್ಚಾಗುತ್ತದೆ ಎನ್ನುವುದು ಕಚೇರಿಯ ಕೆಲಸ ಕಂಡವರಿಗೆ ಅರ್ಥವಾದೀತು.

ಇಲ್ಲಿ ಯಾರಿಗೂ ಕೊಡಲೇಬೇಕೆಂಬ ಒತ್ತಾಯವಿಲ್ಲ. ಅಪರೂಪದ ಪುಸ್ತಕ, ಜೀರ್ಣವಾದ ಪುಸ್ತಕ ಕೊಡುವುದಿಲ್ಲ ಎನ್ನಬಹುದು. ಆದರೂ ದೊಡ್ಡ ಗ್ರಂಥಾಲಯಗಳು ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಕೊಡುತ್ತಲೇ ಬಂದಿವೆ. ಸಹಕಾರ ಎಂಬ ಮಾತಿಗೆ ಓಸಿಎಲ್‌ಸಿಯಲ್ಲಿ ಯಾವ ಭಾಗ ನಿಜವಾಗಿ ತಕ್ಕುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಎರವಲು ವಿಭಾಗದವರ ಈ ದಿನನಿತ್ಯದ ವ್ಯವಹಾರವನ್ನೇ.

ಆಳುವವರು ಯಾರು?

ಮೊದಲು ಸದಸ್ಯರೆಂದರೆ ಒಹಾಯೊದ ಕಾಲೇಜುಗಳು ಮಾತ್ರ. ಬೇರೆ ರಾಜ್ಯಗಳ ಗ್ರಂಥಾಲಯಗಳು 1970ರ ದಶಕದಲ್ಲಿ ಗುಂಪುಗುಂಪಾಗಿ ಬಂದವು. ಆಗ್ನೇಯ ರಾಜ್ಯಗಳಿಗೆ ಸೋಲಿನೆಟ್, ನೈರುತ್ಯಕ್ಕೆ ಅಮಿಗೋಸ್, ನ್ಯೂ ಇಂಗ್ಲೆಂಡಿಗೆ ನೆಲಿನೆಟ್ ಎಂದು ಪ್ರಾದೇಶಿಕ ಜಾಲಗಳಿದ್ದವು. ಗ್ರಂಥಾಲಯ ಒಪ್ಪಂದ ಮಾಡಿಕೊಳ್ಳುವುದು ಜಾಲದ ಜೊತೆ, ಜಾಲ ಒಪ್ಪಂದ ಮಾಡಿಕೊಳ್ಳುವುದು ಓಸಿಎಲ್‌ಸಿಯ ಜೊತೆ. ತರಬೇತಿ, ಬಿಲ್ಲು, ದೂರು ಎಲ್ಲ ಜಾಲದ ಮೂಲಕವೇ. ಅದಕ್ಕೆ ಜಾಲ ತನ್ನದೊಂದಿಷ್ಟು ಶುಲ್ಕ ಸೇರಿಸುತ್ತಿತ್ತು.

ಸಮಸ್ಯೆ ಹುಟ್ಟಿದ್ದು ಇಲ್ಲಿ. ದುಡ್ಡು ಕೊಡುವವರಲ್ಲಿ ಬಹುಪಾಲು ಒಹಾಯೊದ ಹೊರಗಿನವರಾದರು, ಮತ ಇದ್ದದ್ದು ಒಳಗಿನವರಿಗೆ ಮಾತ್ರ. ಹೊರಗಿನವರು ಸಹಜವಾಗಿಯೇ ಗೊಣಗಿದರು. ಆರ್ಥರ್ ಡಿ. ಲಿಟಲ್ ಎಂಬ ಸಲಹಾ ಕಂಪನಿಯಿಂದ ಒಂದು ಅಧ್ಯಯನ ಮಾಡಿಸಿ, 1977ರ ಕೊನೆಯಲ್ಲಿ ಒಹಾಯೊದ ಸದಸ್ಯರು ತಮ್ಮ ವಿಶೇಷ ಹಕ್ಕನ್ನು ತಾವೇ ಬಿಟ್ಟುಕೊಟ್ಟರು. ಅಧಿಕಾರದಲ್ಲಿದ್ದವರು ಮತ ಹಾಕಿ ತಮ್ಮ ಅಧಿಕಾರ ಕಳೆದುಕೊಂಡ ಪ್ರಸಂಗ ಸಹಕಾರಿಗಳ ಚರಿತ್ರೆಯಲ್ಲಿ ಹೆಚ್ಚು ಸಿಗಲಾರದು. ಹೆಸರಿನಲ್ಲಿದ್ದ ಒಹಾಯೊವೂ ಹೋಯಿತು. ಸಂಸ್ಥೆ ಬರೀ ಓಸಿಎಲ್‌ಸಿ ಆಗಿ, 1981ರಲ್ಲಿ ಅದೇ ಅಕ್ಷರಗಳಿಗೆ ಆನ್‌ಲೈನ್ ಕಂಪ್ಯೂಟರ್ ಲೈಬ್ರರಿ ಸೆಂಟರ್ ಎಂಬ ಹೊಸ ಅರ್ಥ ಹಚ್ಚಿಕೊಂಡಿತು. ಕಾರ್ಯಾಲಯ ಡಬ್ಲಿನ್ನಿಗೆ ಬಂದದ್ದೂ ಅದೇ ವರ್ಷ.

ಆಗ ನಿಂತ ಚೌಕಟ್ಟು ಎರಡು ಅಂತಸ್ತಿನದು, ಇವತ್ತಿಗೂ ಅದರ ಅಸ್ಥಿಪಂಜರ ಉಳಿದಿದೆ. ಮೇಲೆ ಟ್ರಸ್ಟಿಗಳ ಮಂಡಳಿ. ಬಜೆಟ್ಟು, ಅಧ್ಯಕ್ಷರ ನೇಮಕ, ಕಂಪನಿಗಳ ಖರೀದಿ, ಸಂಸ್ಥೆಯ ದಿಕ್ಕು ಎಲ್ಲ ಇವರ ಕೈಯಲ್ಲಿ. ಕೆಳಗೆ ಗ್ರಂಥಾಲಯಗಳ ಪ್ರತಿನಿಧಿಗಳ ಪರಿಷತ್ತು. ಹದಿನೈದು ಟ್ರಸ್ಟಿಗಳಲ್ಲಿ ಆರು ಮಂದಿಯನ್ನು ಪರಿಷತ್ತು ಆರಿಸುತ್ತದೆ ಎಂದಾಯಿತು. ಉಳಿದವರಲ್ಲಿ ಅಧ್ಯಕ್ಷರು ಹುದ್ದೆಯ ಬಲದಿಂದ ಕೂರುತ್ತಾರೆ. ಮಿಕ್ಕವರನ್ನು ಮಂಡಳಿಯೇ ಆರಿಸಿಕೊಳ್ಳುತ್ತದೆ, ಗ್ರಂಥಾಲಯ ಕ್ಷೇತ್ರದವರನ್ನೂ ವ್ಯಾಪಾರ, ಹಣಕಾಸು, ಕಾನೂನು ಬಲ್ಲವರನ್ನೂ ಬೆರೆಸಿ.

ಆರು ಎಂಬ ಸಂಖ್ಯೆಯನ್ನು ಸ್ವಲ್ಪ ಗಮನಿಸಿ. ಚುನಾಯಿತರು ಇದ್ದಾರೆ, ಆದರೆ ಬಹುಮತ ಅವರದ್ದಲ್ಲ. ಗ್ರಂಥಪಾಲಕರು ಮಂಡಳಿಯಲ್ಲಿ ತುಂಬ ಇರಬಹುದು; ಚುನಾಯಿತ ಗ್ರಂಥಪಾಲಕರು ಮಾತ್ರ ಅಲ್ಪಸಂಖ್ಯಾತರು. ಸದಸ್ಯರು ಒಂದು ನಿರ್ಧಾರವನ್ನು ಒಕ್ಕೊರಲಿನಿಂದ ವಿರೋಧಿಸಿದರೂ ಮಂಡಳಿಯಲ್ಲಿ ಅವರ ಮತವಷ್ಟೇ ಸಾಲದು. ಇದು ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು. ಬಳಕೆದಾರರ ಕೈಗೇ ಪೂರ್ತಿ ಕೊಟ್ಟರೆ ಪ್ರತಿ ಸಲವೂ ಶುಲ್ಕ ಇಳಿಸುವ ಕಡೆಗೇ ವಾಲಿ, ಹೊಸ ಯಂತ್ರಕ್ಕೂ ಸಂಶೋಧನೆಗೂ ಹಣ ಉಳಿಯದು ಎಂಬ ಭಯವಿತ್ತು. ಭಯ ಪೂರ್ತಿ ಸುಳ್ಳೆಂದು ನನಗನ್ನಿಸುವುದಿಲ್ಲ.

2009ರಲ್ಲಿ ಪರಿಷತ್ತಿನ ರೂಪ ಬದಲಾಯಿತು. ಅದುವರೆಗೆ ಜಾಲಗಳ ಮೂಲಕ ಬರುತ್ತಿದ್ದ ಪ್ರತಿನಿಧಿಗಳಲ್ಲಿ ಅಮೆರಿಕದವರದ್ದೇ ಮೇಲುಗೈ. ಹೊಸ ವ್ಯವಸ್ಥೆಯಲ್ಲಿ ಜಗತ್ತನ್ನು ಮೂರು ಭಾಗ ಮಾಡಿದರು: ಅಮೆರಿಕ ಖಂಡಗಳು; ಯುರೋಪ್, ಮಧ್ಯಪ್ರಾಚ್ಯ ಮತ್ತು ಆಫ್ರಿಕಾ; ಏಷ್ಯಾ ಪೆಸಿಫಿಕ್. ಒಂದೊಂದು ಭಾಗಕ್ಕೂ ಒಂದು ಪ್ರಾದೇಶಿಕ ಪರಿಷತ್ತು. ಆಯಾ ಭಾಗದ ಸದಸ್ಯ ಗ್ರಂಥಾಲಯಗಳು ಪ್ರತಿನಿಧಿಗಳನ್ನು ಆರಿಸುತ್ತವೆ. ಮೂರೂ ಕಡೆಯಿಂದ ಬಂದ 48 ಮಂದಿ ಸೇರಿ ಗ್ಲೋಬಲ್ ಕೌನ್ಸಿಲ್. ಭಾರತದ ಸದಸ್ಯ ಗ್ರಂಥಾಲಯ ಮತ ಹಾಕುವುದು ಏಷ್ಯಾ ಪೆಸಿಫಿಕ್ ಭಾಗದಲ್ಲಿ, ಚೀನಾ, ಜಪಾನ್, ಆಸ್ಟ್ರೇಲಿಯಾಗಳ ಜೊತೆ. ಟ್ರಸ್ಟಿಗಳನ್ನು ಆರಿಸುವುದು, ಸಂಸ್ಥೆಯ ಮೂಲ ನಿಯಮಾವಳಿಗೆ ತಿದ್ದುಪಡಿ ಬಂದರೆ ಅದನ್ನು ಅನುಮೋದಿಸುವುದು, ಸದಸ್ಯರ ಮಾತನ್ನು ಮಂಡಳಿಗೆ ಮುಟ್ಟಿಸುವುದು ಕೌನ್ಸಿಲ್ಲಿನ ಕೆಲಸ. ಶುಲ್ಕ ನಿಗದಿ ಮಾಡುವುದು ಅದರ ಕೆಲಸವಲ್ಲ.

ಇದೇ ಹೊತ್ತಿಗೆ ಓಸಿಎಲ್‌ಸಿ ಗ್ರಂಥಾಲಯಗಳ ಜೊತೆ ನೇರ ಒಪ್ಪಂದಕ್ಕೆ ಇಳಿಯಿತು. ನಡುವೆ ನಿಂತಿದ್ದ ಜಾಲಗಳ ಆದಾಯಕ್ಕೆ ಪೆಟ್ಟು ಬಿತ್ತು. ಸೋಲಿನೆಟ್ಟೂ ಪಾಲಿನೆಟ್ ಎಂಬ ಇನ್ನೊಂದು ಜಾಲವೂ 2009ರಲ್ಲಿ ವಿಲೀನವಾಗಿ ಲಿರಾಸಿಸ್ ಆದವು, ನೆಲಿನೆಟ್ ಆಮೇಲೆ ಸೇರಿಕೊಂಡಿತು. ಅನುಕೂಲ ನೋಡಿದರೆ ಒಂದು ಮಧ್ಯಸ್ಥಿಕೆ ತಪ್ಪಿತು. ಅಧಿಕಾರದ ಕಡೆಯಿಂದ ನೋಡಿದರೆ, ಸಾವಿರ ಗ್ರಂಥಾಲಯಗಳ ಪರವಾಗಿ ಮೇಜಿನ ಆಚೆ ಕೂತು ಚೌಕಾಸಿ ಮಾಡುತ್ತಿದ್ದವರು ಇಲ್ಲವಾದರು. ಈ ಎರಡನೆಯ ಮಾತು ಆಗ ಹೆಚ್ಚು ಜನಕ್ಕೆ ಕೇಳಿಸಲಿಲ್ಲ.

ಸೊಸೈಟಿಯಂತೆ, ಸೊಸೈಟಿಯಲ್ಲ

ನಮ್ಮ ಊರುಗಳ ಹಾಲಿನ ಸೊಸೈಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಸಂಜೆ ಎಲ್ಲರೂ ಹಾಲು ಹಾಕುತ್ತಾರೆ, ಸೊಸೈಟಿ ಅದನ್ನು ಒಟ್ಟು ಮಾಡಿ ಸಾಗಿಸುತ್ತದೆ. ಗ್ರಂಥಾಲಯಗಳೂ ದಾಖಲೆ ಹಾಕುತ್ತವೆ, ಓಸಿಎಲ್‌ಸಿ ಒಟ್ಟು ಮಾಡುತ್ತದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಹಾಲು ಹಾಕುವವರ ಹೆಸರಲ್ಲಿ ಷೇರಿದೆ, ಒಬ್ಬರಿಗೆ ಒಂದು ಮತವಿದೆ, ಲಾಭ ಬಂದರೆ ಬೋನಸ್ ಇದೆ. ಓಸಿಎಲ್‌ಸಿಯಲ್ಲಿ ಷೇರಿಲ್ಲ, ಬೋನಸ್ಸಿಲ್ಲ. ಸದಸ್ಯತ್ವ ಬಿಟ್ಟು ಹೋಗುವ ಗ್ರಂಥಾಲಯ ತನ್ನ ದಾಖಲೆಗಳ ಪ್ರತಿ ಒಯ್ಯಬಹುದು. ವರ್ಲ್ಡ್‌ಕ್ಯಾಟ್‌ನ ಬೆಲೆಯಲ್ಲಿ ತನ್ನ ಪಾಲು ಕೊಡಿ ಎನ್ನಲು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ವ್ಯತ್ಯಾಸ: ಹಾಲು ಹಾಕಿದವರಿಗೆ ಸೊಸೈಟಿ ದುಡ್ಡು ಕೊಡುತ್ತದೆ, ಇಲ್ಲಿ ದಾಖಲೆ ಹಾಕಿದವರೇ ಸಂಸ್ಥೆಗೆ ಚಂದಾ ಕಟ್ಟುತ್ತಾರೆ.

ಕಾನೂನಿನ ಕಣ್ಣಿನಲ್ಲಿ ಓಸಿಎಲ್‌ಸಿ ಒಹಾಯೊ ರಾಜ್ಯದ ಒಂದು ಲಾಭರಹಿತ ನಿಗಮ. ಉಳಿಕೆ ಹಣವನ್ನು ಯಾರಿಗೂ ಹಂಚುವಂತಿಲ್ಲ, ಸಂಸ್ಥೆಯ ಉದ್ದೇಶಕ್ಕೇ ಮತ್ತೆ ಹಾಕಬೇಕು. ವಾರ್ಷಿಕ ಆದಾಯ 20 ಕೋಟಿ ಡಾಲರಿನ ಆಸುಪಾಸಿನದ್ದು, ಬಹುಪಾಲು ಗ್ರಂಥಾಲಯಗಳ ಚಂದಾದಿಂದಲೇ ಬರುತ್ತದೆ. ಇಷ್ಟು ವ್ಯವಹಾರ ಮಾಡುವ ಸಂಸ್ಥೆಯನ್ನು ಧರ್ಮಾರ್ಥ ಎನ್ನಬಹುದೇ? ಆಸ್ತಿ ತೆರಿಗೆಯ ವಿನಾಯಿತಿ ಕೇಳಿದಾಗ ಈ ಪ್ರಶ್ನೆ ಒಹಾಯೊ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗ್ರಂಥಾಲಯಗಳಿಗೆ ಸೇವೆ ಮಾರುವುದು ತಾನಾಗಿಯೇ ಧರ್ಮಾರ್ಥ ಕೆಲಸವಾಗುವುದಿಲ್ಲ ಎಂದು 1984ರಲ್ಲಿ ತೀರ್ಪು ಬಂತು. ಆಮೇಲೆ ಶಾಸಕಾಂಗವೇ ಕಾನೂನು ಮಾಡಿ ವಿನಾಯಿತಿ ಕೊಟ್ಟಿತು.

ವ್ಯಾಪಾರಿಯ ಮುಖವೂ ಇದಕ್ಕಿದೆ ಎನ್ನುವುದಕ್ಕೆ ಇನ್ನೊಂದು ಸಣ್ಣ ಕತೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಲೈಬ್ರರಿ ಹೋಟೆಲ್ ಎಂಬ ಒಂದು ವಸತಿಗೃಹ ತನ್ನ ಮಹಡಿಗಳಿಗೂ ಕೋಣೆಗಳಿಗೂ ಡ್ಯೂಯಿ ಸಂಖ್ಯೆ ಹಾಕಿಕೊಂಡಿತ್ತು. 2003ರಲ್ಲಿ ಓಸಿಎಲ್‌ಸಿ ಅದರ ಮೇಲೆ ದಾವೆ ಹೂಡಿತು. ಕೆಲವೇ ತಿಂಗಳಲ್ಲಿ ರಾಜಿಯಾಯಿತು, ಹೋಟೆಲು ಸಂಖ್ಯೆಗಳನ್ನು ಉಳಿಸಿಕೊಂಡು ಹಕ್ಕು ಯಾರದೆಂದು ಒಪ್ಪಿಕೊಂಡಿತು. ದಾವೆ ಹೂಡಿದ್ದು ತಪ್ಪೆಂದಲ್ಲ. ಟ್ರೇಡ್‌ಮಾರ್ಕನ್ನು ಕಾಯದಿದ್ದರೆ ಕಳೆದುಕೊಳ್ಳಬೇಕಾಗುತ್ತದೆ. ಆದರೂ ಎಷ್ಟೋ ಗ್ರಂಥಪಾಲಕರಿಗೆ ಅದು ಮುಜುಗರ ತಂದ ಪ್ರಕರಣ.

ದಾಖಲೆ ಯಾರದು?

ಹೋಟೆಲಿನ ವಿಷಯ ನಗುವಿನಲ್ಲಿ ಮುಗಿಯಿತು. ದಾಖಲೆಗಳ ಒಡೆತನದ ವಿಷಯ ಹಾಗೆ ಮುಗಿಯುವಂಥದ್ದಲ್ಲ. 1982ರಲ್ಲಿ ಓಸಿಎಲ್‌ಸಿ ತನ್ನ ಇಡೀ ದತ್ತಸಂಚಯಕ್ಕೆ ಕಾಪಿರೈಟ್ ಕೋರಿ ಅರ್ಜಿ ಹಾಕಿತು. ಸದಸ್ಯರು ಬರೆದದ್ದಕ್ಕೆ ಸಂಸ್ಥೆ ಹಕ್ಕು ಕೇಳುವುದೇ ಎಂದು ಗ್ರಂಥಪಾಲಕರು ಕೆರಳಿದರು. ಅದರೊಳಗಿನ ಲಕ್ಷಾಂತರ ದಾಖಲೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನವು. ಸರ್ಕಾರಿ ಬರಹಕ್ಕೆ ಅಮೆರಿಕದಲ್ಲಿ ಕಾಪಿರೈಟೇ ಇಲ್ಲ. ಸಂಸ್ಥೆಯ ವಾದ: ಒಂದೊಂದು ದಾಖಲೆಯ ಮೇಲಲ್ಲ, ಒಟ್ಟು ಮಾಡಿ ಜೋಡಿಸಿದ ಸಂಕಲನದ ಮೇಲೆ ಹಕ್ಕು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ದೂರವಾಣಿ ಡೈರೆಕ್ಟರಿಯ ಮೊಕದ್ದಮೆಯೊಂದರಲ್ಲಿ, ಬರೀ ಸಂಗತಿಗಳನ್ನು ಶ್ರಮಪಟ್ಟು ಕಲೆಹಾಕಿದ ಮಾತ್ರಕ್ಕೆ ಕಾಪಿರೈಟ್ ಬಾರದು, ಆಯ್ಕೆಯಲ್ಲಿ ಜೋಡಣೆಯಲ್ಲಿ ಒಂದಿಷ್ಟಾದರೂ ಸ್ವಂತಿಕೆ ಬೇಕು ಎಂದಿತು. ಅಲ್ಲಿಂದ ಈ ವಾದದ ಕಾಲು ಕೊಂಚ ಸಡಿಲವಾಯಿತು. ಕಾಪಿರೈಟ್ ಸಡಿಲವಾದರೆ ಉಳಿಯುವುದು ಒಪ್ಪಂದ. ಸದಸ್ಯರು ಸಹಿ ಹಾಕಿದ ಕಾಗದದ ಮೂಲಕ ದಾಖಲೆಗಳ ಬಳಕೆಗೆ ಮಿತಿ ಹಾಕುವುದು.

2008ರ ಕೊನೆಯಲ್ಲಿ ಅಂಥದೊಂದು ಹೊಸ ನೀತಿ ಹೊರಬಿತ್ತು. ಇಂಟರ್ನೆಟ್ಟಿನಲ್ಲಿ ಓಪನ್ ಲೈಬ್ರರಿಯಂಥ ಮುಕ್ತ ಕ್ಯಾಟಲಾಗುಗಳು ಹುಟ್ಟುತ್ತಿದ್ದ ಕಾಲ ಅದು. ನಮ್ಮ ದಾಖಲೆಯನ್ನು ನಾವು ಅವರಿಗೆ ಕೊಡಲು ನೀವು ಯಾರು ಬೇಡವೆನ್ನಲು ಎಂದು ಸದಸ್ಯರೇ ಕೇಳಿದರು. ಗದ್ದಲ ಎಷ್ಟಾಯಿತೆಂದರೆ ಮಂಡಳಿ ಮತ್ತು ಪರಿಷತ್ತು ಪರಿಶೀಲನಾ ಸಮಿತಿ ಕೂರಿಸಬೇಕಾಯಿತು, ಸಮಿತಿ ನೀತಿಯನ್ನು ಹಿಂತೆಗೆದುಕೊಳ್ಳಿ ಎಂದಿತು, 2009ರಲ್ಲಿ ಅದು ಹಿಂದಕ್ಕೆ ಹೋಯಿತು. ಸದಸ್ಯರ ಪಾಲಿನ ಅಧಿಕಾರ ತೆಳುವಾದದ್ದು ಎಂದು ಮೇಲೆ ಹೇಳಿದೆ. ತೆಳುವಾದರೂ ಸುಳ್ಳಲ್ಲ ಎನ್ನಲು ಇದೇ ಸಾಕ್ಷಿ. ಗೆಲುವು ಬಂದದ್ದು ಮತದಿಂದಲ್ಲ, ಕೂಗಿನಿಂದ, ಅಷ್ಟೇ.

2010ರ ಆಗಸ್ಟಿನಲ್ಲಿ ಜಾರಿಗೆ ಬಂದ ಬದಲಿ ನೀತಿಯ ದನಿ ಬೇರೆ. ಅದರಲ್ಲಿ ನಿಷೇಧಕ್ಕಿಂತ ಹಕ್ಕು ಮತ್ತು ಹೊಣೆಯ ಭಾಷೆ ಇದೆ. ಸದಸ್ಯರು ತಮ್ಮ ಸಂಗ್ರಹದ ದಾಖಲೆಗಳನ್ನು ಬೇರೆ ಗ್ರಂಥಾಲಯಗಳಿಗೆ, ವಿದ್ವಾಂಸರಿಗೆ ಕೊಡಬಹುದು. ವರ್ಲ್ಡ್‌ಕ್ಯಾಟ್‌ಗೇ ಬದಲಿಯಾಗಿ ನಿಲ್ಲುವಂಥ ಸಂಚಯ ಕಟ್ಟಲು ನೆರವಾಗಬಾರದು ಎಂಬುದು ಅದರ ಸಾರ. ಎಲ್ಲರೂ ತೃಪ್ತರಾಗಲಿಲ್ಲ. ತಮ್ಮ ರಾಷ್ಟ್ರೀಯ ಕ್ಯಾಟಲಾಗು ಪೂರ್ತಿ ಮುಕ್ತವಾಗಿರಬೇಕು ಎಂದು ಹಠ ಹಿಡಿದ ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ 2011ರ ಕೊನೆಯಲ್ಲಿ ಒಪ್ಪಂದದ ಮಾತುಕತೆಯನ್ನೇ ಮುರಿದುಕೊಂಡಿತು. ಹಾರ್ವರ್ಡ್ 2012ರಲ್ಲಿ ತನ್ನ ಸುಮಾರು 1.2 ಕೋಟಿ ದಾಖಲೆಗಳನ್ನು ಯಾವ ಷರತ್ತೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟಿತು. ಸಂಸ್ಥೆಯ ನೀತಿಯನ್ನು ಗೌರವಿಸಿ ಎಂಬ ಕೋರಿಕೆ ಜೊತೆಗಿತ್ತು, ಕೋರಿಕೆ ಮಾತ್ರ.

ವ್ಯಾಪಾರಿ ಪ್ರತಿಸ್ಪರ್ಧಿಗಳ ಜೊತೆಗಿನ ಜಗಳ ಕೋರ್ಟಿನಲ್ಲಿ ನಡೆದವು. ಕಡಿಮೆ ಬೆಲೆಗೆ ಕ್ಯಾಟಲಾಗು ಸೇವೆ ಕೊಡಲು ಹೊರಟ ಸ್ಕೈರಿವರ್, 2010ರಲ್ಲಿ ಓಸಿಎಲ್‌ಸಿ ಏಕಸ್ವಾಮ್ಯ ನಡೆಸುತ್ತಿದೆ ಎಂದು ದಾವೆ ಹೂಡಿ 2013ರಲ್ಲಿ ಕೈಬಿಟ್ಟಿತು. 2022ರಲ್ಲಿ ಪಾತ್ರ ಅದಲುಬದಲು. ಗ್ರಂಥಾಲಯಗಳು ದಾಖಲೆಗಳನ್ನು ಪರಸ್ಪರ ಉಚಿತವಾಗಿ ಹಂಚಿಕೊಳ್ಳುವ ಮೆಟಾಡೋರ್ ಎಂಬ ವೇದಿಕೆಯನ್ನು ಕ್ಲಾರಿವೇಟ್ ಕಂಪನಿ ಕಟ್ಟಲು ಹೊರಟಾಗ, ಇದು ನಮ್ಮ ಸದಸ್ಯರನ್ನು ಒಪ್ಪಂದ ಮುರಿಯುವಂತೆ ಪ್ರೇರೇಪಿಸುವುದು ಎಂದು ಓಸಿಎಲ್‌ಸಿ ಕೋರ್ಟಿಗೆ ಹೋಯಿತು. ಐದು ತಿಂಗಳಲ್ಲಿ ರಾಜಿಯಾಗಿ ಮೆಟಾಡೋರ್ ನಿಂತಿತು. ದೊಡ್ಡ ಕಂಪನಿಯ ಉಚಿತ ಕೊಡುಗೆಯನ್ನು ನಂಬಬೇಕಿಲ್ಲ, ನಿಜ. ಆದರೆ ಹಂಚಿಕೊಳ್ಳಲೆಂದೇ ಹುಟ್ಟಿದ ಸಂಸ್ಥೆ ಹಂಚಿಕೊಳ್ಳುವುದನ್ನು ತಡೆಯಲು ಕೋರ್ಟಿನ ಮೆಟ್ಟಿಲು ಹತ್ತಿದ್ದು ನೋಡಲು ಚೆನ್ನಾಗಿರಲಿಲ್ಲ. ಮರುವರ್ಷ ಅನ್ನಾಸ್ ಆರ್ಕೈವ್ ಎಂಬ ಅನಾಮಿಕರ ತಂಡ ವರ್ಲ್ಡ್‌ಕ್ಯಾಟ್ ಅನ್ನೇ ಬಾಚಿಕೊಂಡು ಬಯಲಿಗಿಟ್ಟಿತು. 2024ರ ಜನವರಿಯಲ್ಲಿ ಅವರ ಮೇಲೂ ದಾವೆ ಬಿತ್ತು.

ಕನ್ನಡದ ಪುಸ್ತಕ ಅಲ್ಲಿಗೆ ಹೋದದ್ದು

ಈ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳು ಸಾಕಷ್ಟಿವೆ, ಅದಕ್ಕೆ ಕಾರಣ ಗೋಧಿ. 1954ರ ಪಿಎಲ್-480 ಕಾನೂನಿನಡಿ ಅಮೆರಿಕ ಭಾರತಕ್ಕೆ ಗೋಧಿ ಕೊಟ್ಟು ಬೆಲೆಯನ್ನು ರೂಪಾಯಿಯಲ್ಲಿ ಪಡೆಯಿತು. ಇಲ್ಲೇ ಖರ್ಚಾಗಬೇಕಿದ್ದ ಆ ರೂಪಾಯಿಯ ಒಂದು ಪಾಲಿನಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಲು ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ಆ ಕಚೇರಿಯಲ್ಲಿ ಆದ ಕ್ಯಾಟಲಾಗೇ ಮುಂದೆ ವರ್ಲ್ಡ್‌ಕ್ಯಾಟ್‌ಗೂ ಹರಿಯಿತು. ಇತ್ತ ನಮ್ಮಲ್ಲಿ ಡೆಲ್‌ನೆಟ್ 1988ರಿಂದ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ 1991ರಿಂದ ಹಲವು ಗ್ರಂಥಾಲಯಗಳ ಪುಸ್ತಕಗಳನ್ನು ಒಂದೇ ಪಟ್ಟಿಗೆ ತರುವ ಒಕ್ಕೂಟ ಕ್ಯಾಟಲಾಗು ಕಟ್ಟುತ್ತಿವೆ. ಮೊದಲನೆಯದು ಸದಸ್ಯರ ನೋಂದಾಯಿತ ಸೊಸೈಟಿ, ಎರಡನೆಯದು ಯುಜಿಸಿಯ ಸಂಸ್ಥೆ. ಆಡಳಿತದ ದೃಷ್ಟಿಯಿಂದ ಅವೆರಡೂ ಬೇರೆಯೇ ಕತೆ.

ಹಳೆಯ ಮಾರ್ಕ್ ವ್ಯವಸ್ಥೆಯ ಅಕ್ಷರ ಕೋಶದಲ್ಲಿ ಅರಬ್ಬಿ, ಹೀಬ್ರೂ, ಚೀನೀ ಲಿಪಿಗಳಿದ್ದವು, ಭಾರತದ ಲಿಪಿ ಒಂದೂ ಇರಲಿಲ್ಲ. ಹಾಗಾಗಿ ಹಿಂದಿನ ಕನ್ನಡ ದಾಖಲೆಗಳೆಲ್ಲ ರೋಮನ್ ಅಕ್ಷರದಲ್ಲೇ ಇವೆ, ಅದೂ ಗ್ರಂಥಪಾಲಕರ ನಿಯಮದಂತೆ. ವರ್ಲ್ಡ್‌ಕ್ಯಾಟ್‌ನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕಿ ಸಿಗದೆ ಕೈಬಿಟ್ಟವರು ಇದನ್ನು ತಿಳಿದು ಮತ್ತೊಮ್ಮೆ ಪ್ರಯತ್ನಿಸಬಹುದು. ನಾವು ರೂಢಿಯಲ್ಲಿ ಹಾಕುವ ‘ಎಚ್’ ಅನ್ನು ಕೆಲವು ಕಡೆ ಬಿಡಬೇಕು. ಚಕಾರಕ್ಕೆ ಬರೀ ‘ಸಿ’; ‘ಸಿ-ಎಚ್’ ಎಂದರೆ ಅವರ ಲೆಕ್ಕದಲ್ಲಿ ಛಕಾರ. ಶ, ಷ ಎರಡಕ್ಕೂ ಬರೀ ‘ಎಸ್’, ಗುರುತು ಮಾತ್ರ ಬೇರೆ. ಹುಡುಕುವಾಗ ಗುರುತು ಹಾಕದಿದ್ದರೂ ನಡೆಯುತ್ತದೆ. ದೀರ್ಘಕ್ಕೆ ಅಕ್ಷರ ಇಮ್ಮಡಿಸಬಾರದು. ಚರಿತ್ರೆ ಎಂಬುದನ್ನು ಸಿ, ಎ, ಆರ್, ಐ, ಟಿ, ಆರ್, ಇ ಎಂದು ಬರೆದು ನೋಡಿ. ‘ಸಿ-ಎಚ್’ ಹಾಕಿದಾಗ ಬಾರದ ಪುಸ್ತಕಗಳು ಬರುತ್ತವೆ.